ಬೆಟ್ಟಯ್ಯನವರ ಕಿವಿ, ರಾಮಮ್ಮನವರ ಮಂಡಿ

ಕುರುಬರಹಳ್ಳಿಯ ಎರಡನೇ ಅಡ್ಡರಸ್ತೆಯಲ್ಲಿ ಬೆಟ್ಟಯ್ಯನವರು ಫೋನಿನಲ್ಲಿ ಮಾತಾಡಿದರೆ ಮೂರನೇ ಅಡ್ಡರಸ್ತೆಯವರು ಉತ್ತರ ಕೊಡುತ್ತಾರೆ ಎಂದು ಒಂದು ಮಾತಿದೆ. ಅದು ಪೂರ್ತಿ ಸುಳ್ಳಲ್ಲ. ಒಮ್ಮೆ ಅವರು ಗ್ಯಾಸ್ ಏಜೆನ್ಸಿಗೆ ಫೋನ್ ಮಾಡಿ “ಸಿಲಿಂಡರ್ ಯಾವತ್ತು ಬರುತ್ತೆ?” ಎಂದು ಕೇಳಿದಾಗ, ಹಿಂದಿನ ಬೀದಿಯ ಮಾಳಿಗೆಯಿಂದ ಯಾರೋ “ನಾಳೆ ಬರುತ್ತಂತೆ ತಾತ, ನಮಗೂ ಹಂಗೇ ಹೇಳಿದ್ರು” ಎಂದು ಕೂಗಿ ಹೇಳಿದ್ದುಂಟು. ಬೆಟ್ಟಯ್ಯನವರಿಗೆ ಅದು ಕೇಳಿಸಲಿಲ್ಲ. ಏಜೆನ್ಸಿಯವರು ಹೇಳಿದ್ದೂ ಕೇಳಿಸಲಿಲ್ಲ.

ಅವರಿಗೆ ಎಪ್ಪತ್ತೆರಡು. ಹುಟ್ಟಿದ್ದು ಕುರುಬರಹಳ್ಳಿಯಲ್ಲೇ, ಅದು ಇನ್ನೂ ನಿಜವಾದ ಹಳ್ಳಿಯಾಗಿದ್ದಾಗ. ಅವರಪ್ಪ ಕುರಿ ಮೇಯಿಸುತ್ತಿದ್ದ ಬಯಲಿನ ಮೇಲೆ ಈಗ ಮೂರು ಬೇಕರಿ, ಒಂದು ಬ್ಯೂಟಿ ಪಾರ್ಲರ್ ನಿಂತಿವೆ. ಹತ್ತೊಂಬತ್ತನೇ ವಯಸ್ಸಿಗೆ ಬೆಟ್ಟಯ್ಯನವರು ಇಂಡಸ್ಟ್ರಿಯಲ್ ಟೌನಿನ ಚಂದ್ರಚೂಡ ಮೆಟಲ್ಸ್ ಎಂಬ ಕಾರ್ಖಾನೆ ಸೇರಿದರು. ಅಲ್ಲಿ ಸ್ಟೀಲ್ ತಟ್ಟೆ, ಡಬ್ಬಿ, ಟಿಫನ್ ಕ್ಯಾರಿಯರ್ ಮಾಡುತ್ತಿದ್ದರು. ಇವರದು ಪವರ್ ಪ್ರೆಸ್ಸಿನ ಕೆಲಸ: ತಗಡು ಇಡು, ಕೈ ತೆಗೆ, ಗುಂಡಿ ಒತ್ತು, ಢಮಾರ್. ಮತ್ತೆ ತಗಡು ಇಡು. ಹೀಗೆ ಮೂವತ್ತೊಂದು ವರ್ಷ. ಪ್ರೆಸ್ಸಿನಲ್ಲಿ ಕೆಲಸ ಮಾಡಿದವರಲ್ಲಿ ಎಂಟು ಬೆರಳಿನವರು, ಒಂಬತ್ತು ಬೆರಳಿನವರು ಬಹಳ ಜನ. ಬೆಟ್ಟಯ್ಯನವರು ಮಾತ್ರ ಹತ್ತೂ ಬೆರಳು ಇಟ್ಟುಕೊಂಡೇ ಹೊರಬಂದರು, ಸಿಕ್ಕವರಿಗೆಲ್ಲ ಎರಡೂ ಕೈ ಅಗಲಿಸಿ ತೋರಿಸುತ್ತಿದ್ದರು. ಕಾರ್ಖಾನೆ ಕಿತ್ತುಕೊಂಡದ್ದು ಕಿವಿಗಳನ್ನು. ಆದರೆ ಕಿವಿ ಹೋದದ್ದು ಯಾರಿಗೂ ಕಾಣುವುದಿಲ್ಲವಲ್ಲ, ಹಾಗಾಗಿ ಅವರು ಅದನ್ನು ಒಪ್ಪಿಕೊಳ್ಳಲೇ ಇಲ್ಲ.

“ಈಗಿನವರು ಬಾಯಿಬಿಟ್ಟು ಮಾತಾಡಲ್ಲ ಕಣೇ” ಎಂದು ಹೆಂಡತಿ ರಾಮಮ್ಮನವರಿಗೆ ಹೇಳುತ್ತಿದ್ದರು. “ರಾಗಿ ಬಿಟ್ಟು ನೂಡಲ್ಸ್ ತಿಂತಾರೆ. ದನಿ ಎಲ್ಲಿಂದ ಬರುತ್ತೆ?”

ಕೇಳಿಸದಿದ್ದಾಗ ಅವರು ಒಂದು ಉಪಾಯ ಕಂಡುಕೊಂಡಿದ್ದರು. ಎದುರಿನವರ ಮುಖ ನೋಡುವುದು, ಅವರು ನಕ್ಕರೆ ನಗುವುದು, ಮಾತು ನಿಂತ ಕೂಡಲೇ “ಆಯ್ತಾಯ್ತು, ಅದಕ್ಕೇನಂತೆ” ಎನ್ನುವುದು. ಈ ಉಪಾಯ ಹತ್ತಾರು ವರ್ಷ ಚೆನ್ನಾಗಿಯೇ ನಡೆಯಿತು. ಅದು ಕೈಕೊಟ್ಟದ್ದು ಹೋದ ಡಿಸೆಂಬರಿನಲ್ಲಿ. ಪಕ್ಕದ ಮನೆಯ ಮಹದೇವ್ ಒಂದು ಸಂಜೆ ಕಾಂಪೌಂಡಿನ ಆಚೆ ನಿಂತು ಏನೋ ಕೇಳಿದ. ಚಳಿ ಜಾಸ್ತಿಯಾಯಿತು ಅನ್ನುತ್ತಿದ್ದಾನೆ ಎಂದುಕೊಂಡು ಬೆಟ್ಟಯ್ಯನವರು “ಆಯ್ತಾಯ್ತು, ಅದಕ್ಕೇನಂತೆ” ಎಂದರು. ಮಹದೇವ್ ಕೈಮುಗಿದು ಒಳಗೆ ಹೋದ. ಮಾರನೇ ಬೆಳಿಗ್ಗೆ ರಾಮಮ್ಮನವರು ರಂಗೋಲಿ ಹಾಕಲು ಬಾಗಿಲು ತೆಗೆದರೆ ಗೇಟಿಗೆ ಕರುವಿನಷ್ಟು ದೊಡ್ಡ ನಾಯಿಯೊಂದನ್ನು ಕಟ್ಟಿಹಾಕಿದ್ದರು. ಪಕ್ಕದಲ್ಲಿ ಒಂದು ಚೀಲ ತಿಂಡಿ, ಅದರ ಮೇಲೊಂದು ಚೀಟಿ: “ಹೆಸರು ಬ್ರೂನೋ. ದಿನಕ್ಕೆ ಎರಡು ಸಲ ವಾಕಿಂಗ್. ಕಾಶಿಯಿಂದ ಎಂಟು ದಿನಕ್ಕೆ ಬರ್ತೀವಿ. ನಿಮ್ಮ ಉಪಕಾರ ಮರೆಯಲ್ಲ ತಾತ.”

ಆ ಎಂಟು ದಿನ ಬ್ರೂನೋ ಬೆಟ್ಟಯ್ಯನವರನ್ನು ವಾಕಿಂಗಿಗೆ ಕರೆದುಕೊಂಡು ಹೋಯಿತು. ಒಂದು ದಿನ ಶಂಕರಮಠದ ಸರ್ಕಲ್ಲಿನ ತನಕ ಎಳೆದೊಯ್ದು ಹೂವಿನ ಬುಟ್ಟಿಯೊಂದನ್ನು ಬೀಳಿಸಿತು. ಒಂಬತ್ತನೇ ದಿನ ನಾಯಿ ತನ್ನ ಮನೆ ಸೇರಿದ ಮೇಲೆ ರಾಮಮ್ಮನವರು ಗಂಡನ ಮುಂದೆ ಬಂದು ನಿಂತು, ತುಟಿ ಚೆನ್ನಾಗಿ ಕಾಣುವಂತೆ ಹೇಳಿದರು.

“ಇವತ್ತು ನಾಯಿ. ನಾಳೆ ಯಾರಾದ್ರೂ ಮನೆ ಬರ್ಕೊಡ್ತೀರಾ ಅಂತ ಕೇಳಿದ್ರೂ ಆಯ್ತಾಯ್ತು ಅಂತೀರ. ಕಿವಿ ಡಾಕ್ಟ್ರ ಹತ್ರ ಹೋಗಿ.”

“ನಿನ್ನ ಮಂಡಿ?” ಎಂದರು ಬೆಟ್ಟಯ್ಯ.

ಇದು ಮಾತು ತಿರುಗಿಸುವ ಪ್ರಶ್ನೆಯಾಗಿರಲಿಲ್ಲ. ಕಾರ್ಖಾನೆ ಮುಚ್ಚಿದಾಗ ಕಾರ್ಮಿಕರ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದಿದ್ದ ಹಣವನ್ನೆಲ್ಲ ಸೇರಿಸಿ ‘ನಿವೃತ್ತ ಕಾರ್ಮಿಕರ ಆರೋಗ್ಯ ನಿಧಿ’ ಎಂದು ಒಂದನ್ನು ಮಾಡಿದ್ದರು. ಗಂಡ ಹೆಂಡತಿಗೆ ಸೇರಿ ಒಂದು ಹಸಿರು ಕಾರ್ಡು. ಮೊದಲೆಲ್ಲ ಕಾರ್ಡು ತೋರಿಸಿದರೆ ಯಾವ ದೊಡ್ಡ ಡಾಕ್ಟರಾದರೂ ನೋಡುತ್ತಿದ್ದರು. ಆಮೇಲೆ ಕಾರ್ಮಿಕರಿಗೆ ವಯಸ್ಸಾಯಿತು, ಕಾಯಿಲೆ ಹೆಚ್ಚಾಯಿತು, ನಿಧಿ ಬಡವಾಯಿತು. ಬಡವಾದ ಹಾಗೆಲ್ಲ ನಿಯಮಗಳು ದಪ್ಪವಾದವು. ಈಗಿನ ನಿಯಮದ ಪ್ರಕಾರ ಎಪ್ಪತ್ತು ದಾಟಿದವರ ಕಾರ್ಡಿಗೆ ಮೂರು ತಿಂಗಳಿಗೆ ಒಬ್ಬರೇ ತಜ್ಞ ವೈದ್ಯರು. ಅದೂ ಬಡಾವಣೆಯ ಡಾಕ್ಟರು ಚೀಟಿ ಬರೆದುಕೊಟ್ಟರೆ ಮಾತ್ರ. ಎಂದರೆ ಜನವರಿಯಿಂದ ಮಾರ್ಚಿನ ತನಕ ಒಂದೋ ಬೆಟ್ಟಯ್ಯನವರ ಕಿವಿ, ಇಲ್ಲವೇ ರಾಮಮ್ಮನವರ ಮಂಡಿ. ಎರಡೂ ಇಲ್ಲ.

ಮಗ ಕಿಟ್ಟಿ ಶಂಕರಮಠದ ಹತ್ತಿರ ಗಾಡಿಗಳಿಗೆ ಸ್ಟಿಕ್ಕರ್ ಅಂಟಿಸುವ ಅಂಗಡಿ ಇಟ್ಟಿದ್ದ. ಅವನು “ನಾನೇ ದುಡ್ಡು ಕೊಟ್ಟು ಇಬ್ಬರಿಗೂ ತೋರಿಸ್ತೀನಿ ಬಿಡಪ್ಪ” ಎಂದ. ಬೆಟ್ಟಯ್ಯನವರಿಗೆ ಈ ಮಾತು ಮಾತ್ರ ಹೇಗೋ ಕೇಳಿಸಿತು.

“ಮೂವತ್ತೊಂದು ವರ್ಷ ನನ್ನ ಸಂಬಳದಲ್ಲಿ ಹಿಡ್ಕೊಂಡವ್ರೆ. ಆ ನಿಧಿಯೋರೇ ತೋರಿಸ್ಲಿ. ಇವಳ ಮಂಡಿ ಮೊದಲು.”

“ಮಂಡಿ ನೋವು ಕೂತ್ಕೊಂಡ್ರೆ ಇರಲ್ಲ” ಎಂದರು ರಾಮಮ್ಮ. “ನಿಮ್ಮ ಕಿವಿ ಕೂತ್ರೂ ನಿಂತ್ರೂ ನನ್ನ ಪ್ರಾಣ ತಿನ್ನುತ್ತೆ. ಕಿವಿ ಮೊದಲು.”

ವಾದ ಎರಡು ದಿನ ನಡೆಯಿತು. ಬೀದಿಗೆಲ್ಲ ಕೇಳಿಸುತ್ತಿದ್ದರಿಂದ ಬೀದಿಯೂ ಎರಡು ಪಕ್ಷವಾಯಿತು. ಕೊನೆಗೆ ಗೆದ್ದದ್ದು ಕಿವಿ. ಬೆಟ್ಟಯ್ಯನವರಿಗೆ ರಾಮಮ್ಮನವರ ವಾದ ಅರ್ಧಂಬರ್ಧ ಮಾತ್ರ ಕೇಳಿಸುತ್ತಿದ್ದುದರಿಂದ ಸರಿಯಾದ ಉತ್ತರ ಕೊಡಲಾಗಲಿಲ್ಲ.

ಬಡಾವಣೆಯ ಡಾಕ್ಟರು ಮಧ್ವೇಶ್ ಒಳ್ಳೆಯವರು. ಆದರೆ ತಿಂಗಳಿಗೆ ಐದಕ್ಕಿಂತ ಹೆಚ್ಚು ಚೀಟಿ ಬರೆದರೆ ನಿಧಿಯವರು ಅವರ ದುಡ್ಡು ತಡೆಹಿಡಿದು ವಿವರಣೆ ಕೇಳುತ್ತಿದ್ದರು. ಆದ್ದರಿಂದ ಅವರು ಚೀಟಿ ಬರೆಯುವ ಮೊದಲು ಬೇರೆ ದಾರಿಗಳನ್ನೆಲ್ಲ ಹುಡುಕುತ್ತಿದ್ದರು. ಕಿವಿಯಲ್ಲಿ ಗುಗ್ಗೆ ಇರಬಹುದು ಎಂದು ಹದಿನೈದು ದಿನ ಎಣ್ಣೆಯಂಥ ಹನಿ ಹಾಕಿಸಿದರು. ದಿಂಬು ಹಾಳಾಯಿತು, ಕಿವಿ ಹಾಗೇ ಇತ್ತು. ಫೆಬ್ರವರಿ ಮೊದಲ ವಾರ ಚೀಟಿ ಬರೆದು, ಮೊಹರು ಒತ್ತಿ ಕೊಟ್ಟರು.

ಬೆಟ್ಟಯ್ಯನವರು ಆ ಚೀಟಿ ಹಿಡಿದು ಇಂಡಸ್ಟ್ರಿಯಲ್ ಟೌನಿನಲ್ಲಿದ್ದ ನಿಧಿಯ ಆಫೀಸಿಗೆ ಹೋದರು. ಗಾಜಿನ ಕಿಂಡಿಯ ಹಿಂದೆ ಕೀರ್ತನಾ ಎಂಬ ಹುಡುಗಿ ಕೂರುತ್ತಿದ್ದಳು. ಚೀಟಿಯನ್ನು ತಿರುಗಿಸಿ ನೋಡಿ, “ತಾತ, ಮೊಹರು ಇದೆ, ಡಾಕ್ಟ್ರ ಸಹಿ ಇಲ್ಲ. ಸಹಿ ಬೇಕು. ತಗೊಂಡು ಬನ್ನಿ” ಎಂದಳು.

ಗಾಜಿನ ಆಚೆಯಿಂದ ಬೆಟ್ಟಯ್ಯನವರಿಗೆ ಕೇಳಿಸಿದ್ದು ಮೂರು ಮಾತು: ಡಾಕ್ಟ್ರು, ಸಿಹಿ, ಬೇಕು.

ಅವರಿಗೆ ಸ್ವಲ್ಪ ಆಶ್ಚರ್ಯವಾಯಿತು. ಆದರೆ ಕಾಲ ಹೇಗೆಲ್ಲ ಬದಲಾಗಿದೆ, ಇದೂ ಒಂದು ಪದ್ಧತಿಯಿರಬಹುದು ಎಂದುಕೊಂಡರು. ನಗದು ಕೇಳದೆ ಸಿಹಿ ಕೇಳಿದ್ದು ಎಷ್ಟೋ ಮರ್ಯಾದೆ ಎಂದೂ ಅನ್ನಿಸಿತು. ಬೇಕರಿಯಲ್ಲಿ ಅರ್ಧ ಕೇಜಿ ಮೈಸೂರು ಪಾಕ್ ಕಟ್ಟಿಸಿಕೊಂಡು ಮಧ್ವೇಶ್ ಡಾಕ್ಟರ ಮೇಜಿನ ಮೇಲಿಟ್ಟು ಕೈಮುಗಿದರು.

ಡಾಕ್ಟರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಕುರುಬರಹಳ್ಳಿಗೆಲ್ಲ ಗೊತ್ತು. ಅವರು ಡಬ್ಬಿಯನ್ನು ನೋಡಿದರು, ಬಾಗಿಲ ಕಡೆ ನೋಡಿದರು, ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. “ಏನು ವಿಶೇಷ ಬೆಟ್ಟಯ್ಯನೋರೇ? ಮೊಮ್ಮಗನಾ?” ಎಂದು ಕೇಳಿದರು. ಬೆಟ್ಟಯ್ಯನವರು “ಆಯ್ತಾಯ್ತು, ಅದಕ್ಕೇನಂತೆ” ಎಂದು ಹೊರಬಂದರು.

ಮತ್ತೆ ಕಿಂಡಿ. ಕೀರ್ತನಾ ಚೀಟಿ ನೋಡಿ, “ಸಹಿ ಎಲ್ಲಿ ತಾತ?” ಎಂದಳು.

“ಕೊಟ್ಟೆ ಕಣಮ್ಮ. ಅರ್ಧ ಕೇಜಿ.”

“ಏನು ಅರ್ಧ ಕೇಜಿ?”

“ಮೈಸೂರು ಪಾಕು. ತುಪ್ಪದ್ದು. ಡಾಕ್ಟ್ರು ನನ್ನ ಮುಂದೇನೇ ತಿಂದ್ರು.” ಈ ಸಾಕ್ಷ್ಯವನ್ನು ಅವರು ತಮ್ಮ ಎಂದಿನ ದನಿಯಲ್ಲೇ ನುಡಿದಿದ್ದರಿಂದ ಆಫೀಸಿನಲ್ಲಿದ್ದ ಹದಿನೈದು ಜನರೂ ತಿರುಗಿ ನೋಡಿದರು.

ಕೀರ್ತನಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ನಗಲಿಲ್ಲ. ಒಂದು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ‘ಸಹಿ’ ಎಂದು ಬರೆದು ಗಾಜಿಗೆ ಒತ್ತಿ ಹಿಡಿದಳು. ಬೆಟ್ಟಯ್ಯನವರು ಓದಿದರು. ಹಿಂದೆ ಯಾರೋ ಕಿಸಕ್ಕೆಂದದ್ದು ಅವರಿಗೆ ಕೇಳಿಸಲಿಲ್ಲ, ಆದರೆ ಗಾಜಿನಲ್ಲಿ ಆ ನಗುವ ಮುಖ ಕಾಣಿಸಿತು. ಅವತ್ತು ಅವರು ಬಸ್ಸು ಹತ್ತದೆ ಮನೆಗೆ ನಡೆದೇ ಹೋದರು. ಮೊದಲ ಸಲ, ಈಗಿನವರ ಊಟದ ದೋಷ ಇದಲ್ಲವೇನೋ ಎಂದು ದಾರಿಯುದ್ದಕ್ಕೂ ಯೋಚಿಸಿದರು.

ಸಹಿಯಾಯಿತು, ದಿನ ಗೊತ್ತಾಯಿತು. ಹಾವನೂರು ಸರ್ಕಲ್ ಹತ್ತಿರದ ಒಂದು ದೊಡ್ಡ ಆಸ್ಪತ್ರೆ. ಅಲ್ಲಿನ ಕಿವಿ ಡಾಕ್ಟರ ಫೀಸಿನಲ್ಲಿ ಮೂರನೇ ಒಂದು ಪಾಲನ್ನಷ್ಟೇ ನಿಧಿ ಕೊಡುತ್ತಿತ್ತು. ಅದಕ್ಕೆ ಆಸ್ಪತ್ರೆಯವರು ನಿಧಿಯ ಮುದುಕರಿಗೆಂದು ಬುಧವಾರ ಮಧ್ಯಾಹ್ನ, ಡಾಕ್ಟರು ಊಟಕ್ಕೇಳುವ ಮುಂಚಿನ ಅರ್ಧ ಗಂಟೆಯನ್ನು ಬಿಟ್ಟಿದ್ದರು. ನಾಲ್ಕೇ ಜನ. ಹೆಸರನ್ನು ಮೂರು ಸಲ ಕೂಗುತ್ತಾರೆ. ಬಾರದಿದ್ದರೆ ಗೈರುಹಾಜರಿ. ಗೈರಾದರೂ ಆ ಭೇಟಿಯ ದುಡ್ಡನ್ನು ನಿಧಿ ಆಸ್ಪತ್ರೆಗೆ ಕಟ್ಟಲೇಬೇಕಾದ್ದರಿಂದ, ಕಾರ್ಡಿನ ಲೆಕ್ಕದಲ್ಲಿ ಭೇಟಿ ಆದಂತೆಯೇ.

ಆ ಬುಧವಾರ ರಾಮಮ್ಮನವರ ಮಂಡಿ ಊದಿಕೊಂಡಿತ್ತು. ಬೆಟ್ಟಯ್ಯನವರು ಒಬ್ಬರೇ ಹೋದರು. ಮೋಸವಾಗಬಾರದೆಂದು ಹನ್ನೊಂದಕ್ಕೇ ಹೋಗಿ ಡಾಕ್ಟರ ಬಾಗಿಲಿಗೆ ಎದುರಾಗಿ ಕೂತರು. ನರ್ಸಿನ ತುಟಿ ನೋಡಿ ತಿಳಿದುಕೊಳ್ಳೋಣವೆಂದರೆ ಅವಳು ಮಾಸ್ಕ್ ಹಾಕಿದ್ದಳು. ಮಧ್ಯಾಹ್ನ ಒಂದು ಹೊಡೆದ ಮೇಲೆ ಅವಳು ಮೂರು ಸಲ ಬಾಗಿಲಿಗೆ ಬಂದು, ಕೈಯಲ್ಲಿದ್ದ ಫೈಲು ನೋಡಿ ಏನೋ ಹೇಳಿ, ತಲೆಯೆತ್ತಿ ಕೂತವರನ್ನೆಲ್ಲ ನೋಡಿದಳು. ಮೂರು ಸಲವೂ ಬೆಟ್ಟಯ್ಯನವರು ಅವಳಿಗೆ ವಿನಯದಿಂದ ಮುಗುಳ್ನಕ್ಕರು. ಆಮೇಲೆ ಬಾಗಿಲು ಮುಚ್ಚಿತು, ಡಾಕ್ಟರು ಊಟಕ್ಕೆ ಹೊರಟರು.

ಬೆಟ್ಟಯ್ಯನವರು ಎದ್ದುಹೋಗಿ ಕೇಳಿದಾಗ ನರ್ಸು ಮಾಸ್ಕ್ ಇಳಿಸಿ ಹೇಳಿದಳು, “ನೀವೇನಾ ಬೆಟ್ಟಯ್ಯ? ಮೂರು ಸಲ ಕರೆದೆನಲ್ಲಾ! ಕಂಪ್ಯೂಟರಲ್ಲಿ ಆಬ್ಸೆಂಟ್ ಹಾಕಿಬಿಟ್ಟೆ ತಾತ.”

ಅವರು ತಮ್ಮ ಕಿವಿ ತೋರಿಸಿದರು. “ಅಲ್ಲಮ್ಮ, ಕಿವಿ ಕೇಳಲ್ಲ ಅಂತ ತಾನೆ ನಾನು ಬಂದಿರೋದು? ಕೇಳಿಸಿದ್ರೆ ಯಾಕೆ ಬರ್ತಿದ್ದೆ?”

ನರ್ಸಿಗೆ ಪಾಪ ಅನ್ನಿಸಿತು. ಆದರೆ ಒಮ್ಮೆ ಹಾಕಿದ್ದನ್ನು ತೆಗೆಯುವ ಅಧಿಕಾರ ಅವಳಿಗಿರಲಿಲ್ಲ.

ಮನೆಗೆ ಬಂದ ಬೆಟ್ಟಯ್ಯನವರು ಹೆಂಡತಿಗೆ ನಿಜ ಹೇಳಲಿಲ್ಲ. ಹೇಳಿದರೆ, ತನ್ನ ಮಂಡಿಯ ಸರದಿ ಬಿಟ್ಟುಕೊಟ್ಟದ್ದೂ ವ್ಯರ್ಥವಾಯಿತೆಂದು ಅವಳು ನೊಂದುಕೊಳ್ಳುತ್ತಾಳೆ. “ಡಾಕ್ಟ್ರು ನೋಡಿದ್ರು. ಏನೂ ಇಲ್ಲ, ಪೂರಾ ಸರಿಯಾಗಿದೆ ಅಂದ್ರು” ಎಂದು ಊಟಕ್ಕೆ ಕೂತರು. ರಾಮಮ್ಮನವರು ಅನ್ನ ಬಡಿಸಿ, ಅವರ ಬೆನ್ನ ಹಿಂದೆ ನಿಂತು, ಸಾಮಾನ್ಯ ದನಿಯಲ್ಲಿ “ರೀ, ಮನೆಗೆ ಬೆಂಕಿ ಬಿದ್ದಿದೆ” ಎಂದರು. ಬೆಟ್ಟಯ್ಯನವರು ಹುರುಳಿಕಾಳಿನ ಸಾರು ಕಲಸಿಕೊಂಡು ತಿನ್ನುತ್ತಲೇ ಇದ್ದರು. “ನಿಮ್ಮ ಲುಂಗಿಗೂ ಹತ್ಕೊಂಡಿದೆ.” ಉಪ್ಪಿನಕಾಯಿ ನೆಕ್ಕಿದರು. ರಾಮಮ್ಮನವರು ಮುಂದೆ ಬಂದು ಕೂತು ಬರಿದೇ ಮುಖ ನೋಡಿದರು. ಆ ನೋಟಕ್ಕೆ ಅವರು ಎಲ್ಲವನ್ನೂ ಹೇಳಿಬಿಟ್ಟರು.

ಮಾರನೇ ದಿನ ರಾಮಮ್ಮನವರು ಮಂಡಿಗೆ ಬಟ್ಟೆ ಬಿಗಿದುಕೊಂಡು, ಗಂಡನನ್ನೂ ಆಟೋದಲ್ಲಿ ಕೂರಿಸಿಕೊಂಡು ನಿಧಿಯ ಆಫೀಸಿಗೆ ಬಂದರು. ಕೀರ್ತನಾ ನಿಯಮದ ಪುಸ್ತಕ ತೆಗೆದಳು.

“ಗೈರು ರದ್ದು ಮಾಡ್ಬೇಕು ಅಂದ್ರೆ ಕಾರಣಕ್ಕೆ ಸರ್ಟಿಫಿಕೇಟ್ ಬೇಕು ಅಜ್ಜಿ.”

“ಕಾರಣ, ಇವರಿಗೆ ಕಿವಿ ಕೇಳಲ್ಲ.”

“ಹೌದು. ಅದಕ್ಕೆ ಕಿವಿ ಡಾಕ್ಟ್ರ ಸರ್ಟಿಫಿಕೇಟ್ ಬೇಕು.”

“ಅವರು ಯಾವಾಗ ಕೊಡ್ತಾರೆ?”

“ಇವರನ್ನ ನೋಡಿದ ಮೇಲೆ.”

“ಯಾವಾಗ ನೋಡ್ತಾರೆ?”

“ಗೈರು ರದ್ದಾದ ಮೇಲೆ.”

ರಾಮಮ್ಮನವರು ಕಿಂಡಿಗೆ ಇನ್ನಷ್ಟು ಹತ್ತಿರ ಬಂದರು. “ನೀನು ಹೇಳ್ತಿರೋದು ನಿನಗೆ ಕೇಳಿಸ್ತಾ ಇದೆಯಾ ಮಗಳೇ?”

“ಕೇಳಿಸ್ತಿದೆ ಅಜ್ಜಿ” ಎಂದಳು ಕೀರ್ತನಾ ತಲೆ ತಗ್ಗಿಸಿ. “ದಿನಾ ಕೇಳಿಸ್ಕೊಳ್ತೀನಿ. ನೀವು ಸೆಕ್ರೆಟರಿ ಸಾರನ್ನೇ ನೋಡಿ. ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ.”

ನಿಧಿಯ ಕಾರ್ಯದರ್ಶಿ ಲಕ್ಷ್ಮೀಪತಿ, ಹಿಂದೆ ಅದೇ ಕಾರ್ಖಾನೆಯ ಪ್ರೆಸ್ ವಿಭಾಗದಲ್ಲಿ ಸೂಪರ್‌ವೈಸರ್ ಆಗಿದ್ದವರು. ಎಪ್ಪತ್ತಾರು ವಯಸ್ಸು, ಇಸ್ತ್ರಿಯ ಬಿಳಿ ಷರಟು, ಬಹಳ ಕಟ್ಟುನಿಟ್ಟು. ಯಾರೇ ಏನೇ ಹೇಳಿಕೊಂಡರೂ ಕೊನೆಯ ತನಕ ಗಂಭೀರವಾಗಿ ತಲೆಯಾಡಿಸಿ, “ನಿಯಮದ ಪ್ರಕಾರ ನೋಡೋಣ” ಎಂದಷ್ಟೇ ಹೇಳುವವರೆಂದು ಹೆಸರಾಗಿದ್ದರು. ಕೀರ್ತನಾ ಅರ್ಜಿಯನ್ನು ಅವರ ಮುಂದಿಟ್ಟಳು. ಅವರು ಓದಿ, ಕನ್ನಡಕ ಮೇಲೇರಿಸಿದರು.

“ಯಾಕಯ್ಯ ಹಾಜರಾಗ್ಲಿಲ್ಲ?”

“ಬಜಾರಿಗಾ? ಇಲ್ಲ ಸಾರ್, ಎಲ್ಲೂ ಹೋಗಿಲ್ಲ” ಎಂದರು ಬೆಟ್ಟಯ್ಯ.

“ಬೇಜಾರು ಯಾಕಯ್ಯ? ಬೇಜಾರ್ ಮಾಡ್ಕೋಬೇಡ. ಕೂಗಿದ್ದು ಕೇಳ್ಲಿಲ್ವಾ?”

“ಕೂತಿದ್ದೆ ಸಾರ್. ಬಾಗಿಲ ಎದುರಿಗೇ ಕೂತಿದ್ದೆ.”

“ಕೂಗಿದ್ಯಾ? ನೀನ್ಯಾಕೆ ಕೂಗೋಕೆ ಹೋದೆ? ಕೂಗ್ಬೇಕಾದವಳು ನರ್ಸು!”

“ಬಸ್ಸಲ್ಲೇ ಸಾರ್ ಹೋಗಿದ್ದು. ಇವತ್ತು ಆಟೋ.”

“ಫೋಟೋ ಬೇಡ. ಕಾರ್ಡಲ್ಲೇ ಇದೆ.”

ಇಬ್ಬರೂ ತಲಾ ಒಂದು ಫರ್ಲಾಂಗಿಗೆ ಕೇಳಿಸುವ ಹಾಗೆ ಮಾತಾಡುತ್ತಿದ್ದರು. ಕೀರ್ತನಾ ರಾಮಮ್ಮನವರ ಮುಖ ನೋಡಿದಳು. ರಾಮಮ್ಮನವರು ಕೀರ್ತನಾಳ ಮುಖ ನೋಡಿದರು. ಸೆರಗು ಬಾಯಿಗೆ ಹೋಯಿತು.

ಆದರೆ ಸಂಗತಿ ಸರಿಯಾಗಿ ಹಿಡಿದವರು ಬೆಟ್ಟಯ್ಯನವರೇ. ಕಾರ್ಯದರ್ಶಿಗಳ ಕಣ್ಣು ತನ್ನ ಕಣ್ಣನ್ನು ನೋಡುತ್ತಿಲ್ಲ, ತನ್ನ ತುಟಿಯನ್ನು ನೋಡುತ್ತಿದೆ ಎಂಬುದು ಅವರಿಗೆ ಕಂಡಿತು. ಈ ವಿದ್ಯೆ ಅವರಿಗೆ ಗೊತ್ತಿಲ್ಲದ್ದೇ? ಅವರು ಮಾತು ನಿಲ್ಲಿಸಿದರು. ಬಲಗೈ ಎತ್ತಿ ಎರಡು ಬೆರಳಿಂದ ಕಿವಿ ಮುಟ್ಟಿ, ಅಂಗೈಯನ್ನು ನೆಲದ ಕಡೆ ತಿರುಗಿಸಿ ಮೆಲ್ಲಗೆ ಕೆಳಗಿಳಿಸಿದರು.

ಪ್ರೆಸ್ ವಿಭಾಗದ ಸದ್ದಿನಲ್ಲಿ ಬಾಯಿಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಅಲ್ಲಿ ಕೆಲಸ ಮಾಡಿದವರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಅಂಗೈ ಕೆಳಗಿಳಿಸಿದರೆ ‘ಮೆಷಿನ್ ನಿಂತಿದೆ’ ಎಂದರ್ಥ.

ಲಕ್ಷ್ಮೀಪತಿಯವರ ಕಟ್ಟುನಿಟ್ಟಾದ ಮುಖ ಒಂದು ಗಳಿಗೆ ಅಲ್ಲಾಡಲಿಲ್ಲ. ಆಮೇಲೆ ಅವರ ಕೈ ಮೇಜಿನ ಮೇಲಿಂದ ತಾನಾಗಿಯೇ ಎದ್ದಿತು. ಒಂದು ಬೆರಳು ಬೆಟ್ಟಯ್ಯನವರ ಕಡೆ, ಆಮೇಲೆ ಎರಡು ಬೆರಳು ಅಗಲಿಸಿ, ಮತ್ತೆ ಅಂಗೈ ಕೆಳಗೆ. ನಿನ್ನದು ಎರಡೂ ನಿಂತಿದೆಯಾ? ಬೆಟ್ಟಯ್ಯನವರು ಹೌದೆಂದು ಮುಷ್ಟಿ ಕುಟ್ಟಿ, ಅದೇ ಪ್ರಶ್ನೆಯನ್ನು ತಿರುಗಿಸಿದರು. ಲಕ್ಷ್ಮೀಪತಿಯವರೂ ಮುಷ್ಟಿ ಕುಟ್ಟಿದರು. ಇಪ್ಪತ್ತೆರಡು ವರ್ಷಗಳ ಮೇಲೆ ಇಬ್ಬರೂ ಆ ಭಾಷೆಯಲ್ಲಿ ಹತ್ತು ನಿಮಿಷ ಮಾತಾಡಿದರು. ನಡುವೆ ಇಬ್ಬರೂ ಒಟ್ಟಿಗೆ ನಕ್ಕರು. ಹೆಬ್ಬೆರಳನ್ನು ತುಟಿಗೆ ತಂದು ಓರೆ ಮಾಡಿದ್ದು ಮಾತ್ರ ಹೆಂಗಸರಿಬ್ಬರಿಗೂ ಅರ್ಥವಾಯಿತು. ಕೀರ್ತನಾ ಹೋಗಿ ಟೀ ಹೇಳಿಬಂದಳು.

ಟೀ ಕುಡಿದ ಮೇಲೆ ಲಕ್ಷ್ಮೀಪತಿಯವರು ನಿಯಮದ ಪುಸ್ತಕದ ಕೊನೆಯ ಪುಟ ತೆರೆದರು. ಅಲ್ಲೊಂದು ನಿಯಮವಿತ್ತು: ಗೈರುಹಾಜರಿಯ ಕಾರಣವು ಕಾರ್ಯದರ್ಶಿಗಳ ಸ್ವಂತ ಅರಿವಿನಲ್ಲಿದ್ದರೆ ಸರ್ಟಿಫಿಕೇಟು ಬೇಕಿಲ್ಲ, ಆದರೆ ಆ ಅರಿವು ಹೇಗೆ ಬಂತೆಂಬುದನ್ನು ಅವರು ಬರೆದು ಸಹಿ ಮಾಡಬೇಕು. ಅವರು ಪೆನ್ನು ತೆರೆದು ಬಹಳ ಹೊತ್ತು ಕೂತರು. ಇಷ್ಟು ವರ್ಷ ಯಾರಿಗೂ ಗೊತ್ತಾಗದ ಹಾಗೆ ತಲೆಯಾಡಿಸಿಕೊಂಡು ಬಂದವರು. ಕಿವುಡ ಕಾರ್ಯದರ್ಶಿಯೆಂದು ಗೊತ್ತಾದರೆ ಈ ಕುರ್ಚಿ ಇರುತ್ತದೋ ಇಲ್ಲವೋ.

“ಬರೀಬೇಡಿ ಬಿಡಿ ಸಾರ್” ಎಂದರು ಬೆಟ್ಟಯ್ಯ, ಕೈಯಲ್ಲೂ ತೋರಿಸುತ್ತ. “ಏಪ್ರಿಲ್ ತನಕ ಕಾಯ್ತೀನಿ.”

“ಏಪ್ರಿಲ್ ನನ್ನ ಮಂಡಿದು!” ಎಂದರು ರಾಮಮ್ಮ. ಅದು ಇಬ್ಬರು ಗಂಡಸರಿಗೂ ಸ್ಪಷ್ಟವಾಗಿ ಕೇಳಿಸಿತು.

ಲಕ್ಷ್ಮೀಪತಿಯವರು ಬರೆದರು: “ಅರ್ಜಿದಾರರೂ ನಾನೂ ಒಂದೇ ವಿಭಾಗದಲ್ಲಿ ದುಡಿದವರು. ಅವರಿಗೆ ಎಷ್ಟು ಕೇಳಿಸುವುದಿಲ್ಲವೆಂಬುದು, ನನಗೆ ಎಷ್ಟು ಕೇಳಿಸುವುದಿಲ್ಲವೆಂಬುದರಿಂದ ನನ್ನ ಸ್ವಂತ ಅರಿವಿಗೆ ಬಂದಿದೆ.” ಸಹಿ ಮಾಡಿದರು. ಅದರ ಕೆಳಗೇ ಇನ್ನೊಂದು ಹಾಳೆಯಲ್ಲಿ, ಕಿವಿಯ ರೋಗಿಗಳ ಹೆಸರನ್ನು ಕೂಗಬಾರದು, ಹತ್ತಿರ ಹೋಗಿ ಭುಜ ಮುಟ್ಟಿ ಕರೆಯಬೇಕು ಎಂದು ಆಸ್ಪತ್ರೆಗೆ ಕಾಗದ ಬರೆಸಿದರು. ಮೂರು ತಿಂಗಳಿಗೆ ಒಬ್ಬರೇ ತಜ್ಞರೆಂಬ ನಿಯಮ ಅವರ ಕೈಯಲ್ಲಿರಲಿಲ್ಲ. ಅದು ಹಾಗೇ ಉಳಿಯಿತು.

ಮಾರ್ಚಿನ ಎರಡನೇ ಬುಧವಾರ ಆಸ್ಪತ್ರೆಯ ಪಟ್ಟಿಯಲ್ಲಿ ಬೆಟ್ಟಯ್ಯನವರದು ಮೂರನೇ ಹೆಸರು, ಲಕ್ಷ್ಮೀಪತಿಯವರದು ನಾಲ್ಕನೆಯದು. ಇಬ್ಬರ ನಡುವೆ ರಾಮಮ್ಮನವರು ಕೂತಿದ್ದರು, ಕಾಗದದ ಮೇಲೆ ಅವರಿಗೆ ಪೂರ್ತಿ ನಂಬಿಕೆಯಿರಲಿಲ್ಲ. ಆದರೆ ನರ್ಸು ಬಂದು ಭುಜ ಮುಟ್ಟಿದಳು. ತೂಕಡಿಸುತ್ತಿದ್ದ ಬೆಟ್ಟಯ್ಯನವರು ಬೆಚ್ಚಿಬಿದ್ದರು, ಅಷ್ಟೇ.

ಕಿವಿ ಡಾಕ್ಟರು ರಕ್ಷಾ ಎಂಬ ಚಿಕ್ಕ ವಯಸ್ಸಿನ ಹೆಂಗಸು. ಬೆಟ್ಟಯ್ಯನವರನ್ನು ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಶಬ್ದ ಕೇಳಿಸಿದಾಗ ಒತ್ತಬೇಕು. ಪರೀಕ್ಷೆ ಶುರುವಾಯಿತು. ಡಾಕ್ಟರು ಕಂಪ್ಯೂಟರ್ ನೋಡಿ ಹುಬ್ಬೇರಿಸಿದರು. ಶಬ್ದ ಇದ್ದಾಗಲೂ ಇಲ್ಲದಾಗಲೂ ಬೆಟ್ಟಯ್ಯನವರು ನಾಲ್ಕು ಸೆಕೆಂಡಿಗೊಂದು ಸಲ, ಗಡಿಯಾರದ ಹಾಗೆ ಗುಂಡಿ ಒತ್ತುತ್ತಿದ್ದರು. ಮೂವತ್ತೊಂದು ವರ್ಷ ಒತ್ತಿದ ಕೈ. ಗುಂಡಿ ಸಿಕ್ಕ ಕೂಡಲೇ ತನ್ನ ಕೆಲಸ ಶುರುಮಾಡಿಕೊಂಡಿತ್ತು. ಬಿಟ್ಟರೆ ಸಂಜೆಯೊಳಗೆ ನಾಲ್ಕು ಸಾವಿರ ತಟ್ಟೆ ಆಗುತ್ತಿತ್ತು. ಡಾಕ್ಟರು ಒಳಗೆ ಬಂದು ಕೈ ಹಿಡಿದು ನಿಲ್ಲಿಸಿ, ಮತ್ತೆ ವಿವರಿಸಿದರು. ಎರಡನೇ ಸಲ ನಿಜವಾದ ಫಲಿತಾಂಶ ಬಂತು. ಎಡಗಿವಿಯಲ್ಲಿ ಸ್ವಲ್ಪ ಉಳಿದಿತ್ತು, ಬಲಗಿವಿಯಲ್ಲಿ ಏನೂ ಇರಲಿಲ್ಲ.

ನಿಧಿ ಒಂದು ಕಿವಿಗೆ ಮಾತ್ರ ಯಂತ್ರ ಕೊಡುತ್ತಿತ್ತು. ಎಡಗಿವಿಗೆ ಹಾಕಿದರು. ಲಕ್ಷ್ಮೀಪತಿಯವರಿಗೂ ಒಂದು ಸಿಕ್ಕಿತು. ಅವರ ಕುರ್ಚಿ ಹೋಗಲಿಲ್ಲ. ಸಮಿತಿಯ ಉಳಿದ ಸದಸ್ಯರಲ್ಲಿ ಇನ್ನಿಬ್ಬರು ಮರುವಾರವೇ ಮಧ್ವೇಶ್ ಡಾಕ್ಟರ ಬಳಿ ಕಿವಿಗೆ ಚೀಟಿ ಕೇಳಿದರಂತೆ.

ಯಂತ್ರ ಹಾಕಿಕೊಂಡ ಮೊದಲ ದಿನ ಬೆಟ್ಟಯ್ಯನವರಿಗೆ ಬಹಳ ಕಷ್ಟವಾಯಿತು. ಫ್ಯಾನು ಇಷ್ಟು ಸದ್ದು ಮಾಡುತ್ತದೆಂದು ಅವರಿಗೆ ತಿಳಿದಿರಲಿಲ್ಲ. ಮಿಕ್ಸಿಗೆ ಹೆದರಿ ಬೀದಿಗೆ ಓಡಿದರು. “ಯಾರೇ ಅದು ಹಿಂಗೆ ಕಿರುಚ್ತಾ ಇರೋದು?” ಎಂದು ಕೇಳಿ, ಅದು ತಮ್ಮದೇ ದನಿಯೆಂದು ಗೊತ್ತಾಗಿ ಅರ್ಧ ದಿನ ಮೌನವಾಗಿದ್ದರು. ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದ ರಾಮಮ್ಮನವರು ನೆಲಕ್ಕೆ ಕೈಯೂರಿ ಎದ್ದರು. ಲಟಕ್ಕೆಂದು ಒಂದು ಸದ್ದು ಬಂತು, ಅದರ ಹಿಂದೆಯೇ, ಬಾಯಿ ಮುಚ್ಚಿಕೊಂಡು ನುಂಗಿದಂಥ ಸಣ್ಣ ನರಳಾಟ.

“ಏನೇ ಅದು?”

“ಯಾವುದು?”

“ಆ ಲಟಕ್ ಅಂದಿದ್ದು.”

“ಮಂಡಿ. ಆರು ವರ್ಷದಿಂದ ಹಂಗೇ ಅನ್ನುತ್ತೆ.”

ಏಪ್ರಿಲ್ ಒಂದನೇ ತಾರೀಖು ಬೆಳಿಗ್ಗೆ ಏಳು ಗಂಟೆಗೆ, ಮಧ್ವೇಶ್ ಡಾಕ್ಟರು ಕ್ಲಿನಿಕ್ಕಿನ ಬಾಗಿಲು ತೆಗೆಯಲು ಬಂದಾಗ, ಮೆಟ್ಟಿಲ ಮೇಲೆ ಬೆಟ್ಟಯ್ಯನವರು ಹಸಿರು ಕಾರ್ಡು ಹಿಡಿದು ಕೂತಿದ್ದರು. ಆ ತಿಂಗಳ ಐದು ಚೀಟಿಗಳಲ್ಲಿ ಮೊದಲನೆಯದನ್ನು ಬರೆಸಿ, ಮೊಹರಿನ ಪಕ್ಕದಲ್ಲಿ ಸಹಿ ಮಾಡಿಸಿಕೊಂಡೇ ಎದ್ದರು.

ಮಂಡಿ ಡಾಕ್ಟರು ಎಕ್ಸ್‌ರೇ ನೋಡಿ, ಆಪರೇಷನ್ ಸದ್ಯಕ್ಕೆ ಬೇಡ, ವ್ಯಾಯಾಮ ಮಾಡಿದರೆ ಸಾಕು ಎಂದರು. ಹೇಳಿಕೊಡುವವರ ಹತ್ತಿರ ಎಂಟು ಸಲ ಹೋಗಬೇಕಿತ್ತು, ನಿಧಿ ಮೂರಕ್ಕೆ ಮಾತ್ರ ಕೊಟ್ಟಿತು. ಮೂರೂ ಸಲ ಬೆಟ್ಟಯ್ಯನವರು ಜೊತೆಗೆ ಹೋಗಿ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕಲಿತು ಬಂದರು. ಉಳಿದದ್ದು ಮನೆಯಲ್ಲೇ. ದಿನಾ ಬೆಳಿಗ್ಗೆ ರಾಮಮ್ಮನವರು ಚಾಪೆಯ ಮೇಲೆ ಮಲಗಿ ಕಾಲು ಎತ್ತಿ ಇಳಿಸಬೇಕು, ಇಪ್ಪತ್ತು ಸಲ. ಬೆಟ್ಟಯ್ಯನವರು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಾರೆ. ಈಗ ಊತ ಇಳಿದಿದೆ, ಲಟಕ್ ಪೂರ್ತಿ ಹೋಗಿಲ್ಲ.

“ಹತ್ತು, ಹನ್ನೊಂದು, ಹದಿನಾರು…” ಎಂದು ರಾಮಮ್ಮನವರು ಮೆಲ್ಲಗೆ ಗೊಣಗಿಕೊಳ್ಳುತ್ತಾರೆ.

“ಹನ್ನೆರಡು ಎಲ್ಲಿ ಹೋಯ್ತೇ?” ಎಂದು ಒಳಗಿನಿಂದ ದನಿ ಬರುತ್ತದೆ.

“ಈ ಕಿವಿ ಮಾಡಿಸಿದ್ದೇ ತಪ್ಪಾಯ್ತು ನೋಡಿ” ಎಂದು ಬೈದುಕೊಂಡು, ರಾಮಮ್ಮನವರು ಮತ್ತೆ ಹನ್ನೆರಡರಿಂದ ಶುರುಮಾಡುತ್ತಾರೆ.